ಪಾಪ, ಹೆಣ್ಣುಮಗಳು

ಮೇ 19, 2025, ಸೋಮವಾರ
ಶ್ರೀನಿವಾಸಪುರ ತಾಲ್ಲೂಕು, ಕೋಲಾರ ಜಿಲ್ಲೆ

ನಿನ್ನೆ ರಾತ್ರಿ ಗಾಳಿ ಮಳೆಗೆ ಒಂದು ಮಾವಿನ ತೋಪಿನಲ್ಲಿ ಕೊಂಬೆ ಮುರಿದು 11 ಕೆವಿ ಲೈನ್ ಮೇಲೆ ಬಿದ್ದಿತ್ತು. ಬೆಳಕು ಹರಿಯೋಕೆ ಮುಂಚೆ ಫೋನ್ ಶುರು. ಊರಿನವರು ಇವತ್ತಿಗೂ "ಹಲೋ, ಕೆಇಬೀನಾ?" ಅಂತಲೇ ಕೇಳೋದು. ಕೆಇಬಿ ಅಂದರೆ ಹಳೇ ವಿದ್ಯುತ್ ಮಂಡಳಿ. ಅದು ಹೋಗಿ ಇಪ್ಪತ್ತೈದು ವರ್ಷ ಆಯ್ತು, ಹೆಸರು ಮಾತ್ರ ಹೋಗಿಲ್ಲ.

ನಾನು, ನಮ್ಮ ಮೇಸ್ತ್ರಿ ಬೈಕಿನಲ್ಲಿ ಹೋದೆವು. ಅವರು ಲೈನ್ ಉದ್ದಕ್ಕೂ ನೋಡಿಕೊಂಡು ಬರ್ತೀನಿ ಅಂತ ಆ ಕಡೆ ನಡೆದರು. ಕಂಬದ ಹತ್ತಿರ ನಾನೊಬ್ಬಳೇ. ತೋಟದ ತಾತ ಬಂದರು. ಬುಟ್ಟಿ ತುಂಬಾ ಉದುರಿದ ಕಾಯಿ, ಮುಖದ ತುಂಬಾ ಸಿಟ್ಟು.

"ಲೈನ್‌ಮ್ಯಾನ್ ಎಕ್ಕಡಮ್ಮಾ?"

ನಮ್ಮ ಕಡೆ ತೆಲುಗು, ಕನ್ನಡ ಎರಡೂ ಒಂದೇ ಬಾಯಲ್ಲಿ ಬರುತ್ತೆ. ನಾನೇ ತಾತಾ ಅಂದೆ. ನನ್ನ ಹೆಲ್ಮೆಟ್ ನೋಡಿದರು. ಆಮೇಲೆ ರಸ್ತೆ ಕಡೆ ನೋಡಿದರು. "ಸರಿ ಬಿಡು, ಅವರು ಬರೋವರೆಗೂ ನೆರಳಲ್ಲಿ ಕೂತ್ಕೋ. ಮಜ್ಜಿಗೆ ತರಿಸ್ತೀನಿ" ಅಂದರು.

ನನ್ನ ಗುರುತಿನ ಚೀಟಿಯಲ್ಲಿ ಇರೋದು ಕಿರಿಯ ಪವರ್‌ಮ್ಯಾನ್ ಅಂತ. ಮುಂಚೆ ಲೈನ್‌ಮ್ಯಾನ್ ಅಂತಿದ್ದರು. ಲೈನ್ ಹೋಗಿ ಪವರ್ ಬಂತು, ಮ್ಯಾನ್ ಅಲ್ಲೇ ಉಳಿದ. ತಂಗಿ ಇದನ್ನೇ ಹಿಡಿದು ತಮಾಷೆ ಮಾಡ್ತಾಳೆ. ಕ್ರಿಕೆಟ್‌ನವರೇ 2021ರಲ್ಲಿ ನಿಯಮದ ಪುಸ್ತಕದಲ್ಲಿ ಬ್ಯಾಟ್ಸ್‌ಮನ್ ತೆಗೆದು ಬ್ಯಾಟರ್ ಮಾಡಿದ್ರು, ನಿಮಗೇನಕ್ಕಾ ಕಷ್ಟ ಅಂತಾಳೆ. ಬದಲಾಯಿಸಲಿ, ಸಂತೋಷ. ಆದರೆ ಆ ಮ್ಯಾನ್ ನನಗೆ ಇದುವರೆಗೂ ಒಂದು ಕಂಬವನ್ನೂ ತಪ್ಪಿಸಿಲ್ಲ. ತಪ್ಪಿಸೋದೆಲ್ಲ ಒಳ್ಳೆಯವರು, ಮಜ್ಜಿಗೆ ಕೊಡೋರು.

ನಮ್ಮ ಸೆಕ್ಷನ್ನಲ್ಲಿ ಕೆಟ್ಟವರು ಯಾರೂ ಇಲ್ಲ. ಅದೇ ತೊಂದರೆ. "ಪಾಪ, ಹೆಣ್ಣುಮಗಳು, ಮಳೇಲಿ ಯಾಕೆ?" ಅಂತಾರೆ. ಹಾಗಂತ ನನಗೆ ಬಾಕಿ ಬಿಲ್ ಪಟ್ಟಿ ಕೊಡ್ತಾರೆ, ಮೀಟರ್ ಕೊಡ್ತಾರೆ, ಕಂಪ್ಯೂಟರ್ ಮುಂದೆ ಕೂರಿಸ್ತಾರೆ. ಬ್ರೇಕ್‌ಡೌನ್‌ಗೆ ಹೋಗೋದು ಹುಡುಗರು. ವರ್ಷ ಕಳೆದ ಮೇಲೆ ಅದೇ ಬಾಯಲ್ಲಿ, "ನಿಂಗೆ ಲೈನ್ ಮೇಲೆ ಅನುಭವ ಕಮ್ಮಿ ಅಲ್ವಾಮ್ಮ?" ಕಮ್ಮಿ ಮಾಡಿದ್ದು ಯಾರು ಸ್ವಾಮಿ? 8 ಮೀಟರ್ ಕಂಬ ಹತ್ತಿ ತೋರಿಸಿದ ಮೇಲೇ ನನಗೂ ಈ ಕೆಲಸ ಸಿಕ್ಕಿದ್ದು. ಕಂಬವನ್ನೇನೂ ನನಗೋಸ್ಕರ ಗಿಡ್ಡ ಮಾಡಿರಲಿಲ್ಲ.

ಮೇಸ್ತ್ರಿ ವಾಪಸ್ ಬಂದು, "ನೀನು ಕೆಳಗಿರಮ್ಮ, ನಾನು ಹತ್ತೀನಿ" ಅಂದರು. ರಿಟೈರ್ ಆಗೋಕೆ ಬಂದಿರೋ ಮನುಷ್ಯ, ದಿನಾ ಮೊಣಕಾಲಿಗೆ ಎಣ್ಣೆ ಹಚ್ಚಿಕೊಂಡು ಡ್ಯೂಟಿಗೆ ಬರ್ತಾರೆ. ಅಣ್ಣಾ, ಸುಮ್ನಿರಿ ಅಂದೆ.

ಸಬ್‌ಸ್ಟೇಷನ್‌ಗೆ ಫೋನ್ ಮಾಡಿ ಎಲ್‌ಸಿ, ಅಂದರೆ ಲೈನ್ ಆಫ್ ಮಾಡಿಸಿ ಕೆಲಸ ಮಾಡೋಕೆ ಅನುಮತಿ, ತಗೊಂಡೆವು. ಫೀಡರ್ ಹೆಸರು ಎರಡು ಸಲ ಹೇಳಿ, ಅವರ ಬಾಯಲ್ಲೂ ಹೇಳಿಸಿ, ನಂಬರ್ ಬರೆದುಕೊಂಡೆ. ಆಮೇಲೆ ಜಿಓಎಸ್, ಅಂದರೆ ಲೈನ್ ಬೇರ್ಪಡಿಸೋ ಕಂಬದ ಸ್ವಿಚ್, ಎಳೆದು, ಕೆಲಸದ ಜಾಗದ ಎರಡೂ ಕಡೆ ರಾಡ್ ಹಾಕಿ ತಂತಿಗಳನ್ನ ನೆಲಕ್ಕೆ ಸೇರಿಸಿ ಅರ್ತ್ ಮಾಡಬೇಕು. ಲೈನ್ ಆಫ್ ಆಗಿದೆ ಅಂದ ಮಾತ್ರಕ್ಕೆ ಕೈ ಇಡೋ ಹಾಗಿಲ್ಲ. ಯಾರದೋ ಮನೆಯ ಜನರೇಟರ್ ಹಿಂದಿನಿಂದ ಕರೆಂಟ್ ತಳ್ಳಬಹುದು. ಇಲ್ಲೇ ನನಗೆ ನಿಜವಾಗಿ ಮ್ಯಾನ್ ಕಾಟ ಕೊಡೋದು. ರಬ್ಬರ್ ಗ್ಲೌಸ್ ಇರೋದು ದೊಡ್ಡ ಕೈಗೆ. ಹಾಕಿಕೊಂಡರೆ ಬೆರಳಿನ ತುದಿಯಲ್ಲಿ ಅರ್ಧ ಇಂಚು ಖಾಲಿ, ರಾಡ್ ಹಿಡಿದರೆ ಒಳಗೇ ಕೈ ಜಾರುತ್ತೆ. ಬೆಲ್ಟಿಗೆ ಕೊನೆ ತೂತು ಸಾಲದೆ ಮೊಳೆ ಕಾಯಿಸಿ ನಾನೇ ಇನ್ನೊಂದು ಮಾಡಿದ್ದೀನಿ. ಹಾಗೆಲ್ಲ ಮಾಡಬಾರದು, ಗೊತ್ತು.

ಕೊಂಬೆ ಕಡಿದು ಇಳಿಸಿ, ಒಡೆದ ಪಿನ್ ಇನ್ಸುಲೇಟರ್ ಬದಲಾಯಿಸೋ ಹೊತ್ತಿಗೆ ಬಿಸಿಲು ಏರಿತ್ತು. ರಾಡ್ ತೆಗೆದು, ಎಲ್‌ಸಿ ವಾಪಸ್ ಮಾಡಿ, ಕರೆಂಟ್ ಬಂತು. ತಾತ ಬಂದು ನಿಂತರು. ಹೊಗಳ್ತಾರೆ ಅಂದುಕೊಂಡರೆ, "ವಾರದಿಂದ ಮೋಟಾರ್ ಎತ್ತೋಲ್ಲ, ಲೋ ವೋಲ್ಟೇಜು. ನೀವೆಲ್ಲ ಸಂಬಳ ಯಾತಕ್ಕೆ ತಗೊಳ್ಳೋದು?" ಅಂತ ನನ್ನನ್ನೇ ಬೈದರು. ಮೇಸ್ತ್ರಿ ಪಕ್ಕದಲ್ಲೇ ಇದ್ದರೂ ನನ್ನನ್ನೇ! ನಿಜವಾಗ್ಲೂ ಖುಷಿ ಆಯ್ತು.

ಬರ್ತಾ ದಾರಿಯಲ್ಲಿ ಕೆಜಿಎಫ್ ವಿಷಯ ಬಂತು. ಮೇಸ್ತ್ರಿ ಅಪ್ಪ ಅಲ್ಲಿ ಗಣಿಗೆ ಇಳಿದವರು. 1902ರಲ್ಲಿ ಶಿವನಸಮುದ್ರದಿಂದ ಅಷ್ಟು ದೂರ ಲೈನ್ ಎಳೆದು ಕರೆಂಟ್ ತಂದಿದ್ದೇ ಆ ಗಣಿಗೋಸ್ಕರ. ಅಲ್ಲಿ ಹೆಂಗಸರಿಗೆ ಏನಿದ್ದರೂ ನೆಲದ ಮೇಲಿನ ಕೆಲಸ. ಕೆಳಗೆ ಇಳಿಯೋ ಹಾಗಿಲ್ಲ ಅಂತ 1952ರ ಗಣಿ ಕಾಯ್ದೆಯಲ್ಲೇ ಬರೆದಿತ್ತು. ಅದೂ ಹೆಂಗಸರನ್ನ ಕಾಪಾಡೋಕೆ ಅಂತಲೇ. ಕೊನೆಗೆ 2019ರಲ್ಲಿ ಸರ್ಕಾರ ಹಗಲು ಹೊತ್ತಿನಲ್ಲಿ, ತಾಂತ್ರಿಕ ಮತ್ತು ಮೇಲ್ವಿಚಾರಣೆ ಕೆಲಸಕ್ಕೆ ಇಳಿಯಬಹುದು ಅಂತು. ಕೆಜಿಎಫ್ ಗಣಿ ಮುಚ್ಚಿದ್ದು 2001ರಲ್ಲಿ. ನಮ್ಮ ಜಿಲ್ಲೆಯ ಹೆಂಗಸರಿಗೆ ಅನುಮತಿ ಬಂತು, ಇಳಿಯೋಕೆ ಚಿನ್ನದ ಗಣಿನೇ ಇರಲಿಲ್ಲ. ಮೇಸ್ತ್ರಿ ಕೇಳಿಸಿಕೊಂಡು ಸುಮ್ಮನಿದ್ದರು. ಸ್ವಲ್ಪ ದೂರ ಹೋದ ಮೇಲೆ, "ಆದ್ರೂ ಒಳಗೆ ಧೂಳು ಜಾಸ್ತಿ ಕಣಮ್ಮ" ಅಂದರು. ಧೂಳು ಗಂಡಸರ ಎದೆಗೂ ಹೋಗುತ್ತೆ ಅಲ್ವಾ ಅಣ್ಣಾ ಅಂದೆ. ಅವರ ಅಪ್ಪ ಹೋಗಿದ್ದೇ ಕೆಮ್ಮಿ ಕೆಮ್ಮಿ. ಅದಕ್ಕೆ ಮಾತು ಬರಲಿಲ್ಲ.

ಸಾಯಂಕಾಲ ಜೂನ್ ತಿಂಗಳ ಡ್ಯೂಟಿ ಪಟ್ಟಿ ಹಾಕಿದರು. ನನಗೆ ಮತ್ತೆ ಬಾಕಿ ವಸೂಲಿ. ನಮ್ಮ ಸೆಕ್ಷನ್ ಆಫೀಸರ್ ಸಾಹೇಬರಿಗೆ ಬಾಯಲ್ಲಿ ಹೇಳಿ ಸಾಕಾಗಿದೆ, ಈ ಸಲ ಅರ್ಜಿನೇ ಬರೆದೆ. ಬ್ರೇಕ್‌ಡೌನ್ ಡ್ಯೂಟಿಗೆ ನನ್ನ ಹೆಸರು ಹಾಕಿ, ಚಿಕ್ಕ ಸೈಜಿನ ಗ್ಲೌಸ್ ತರಿಸಿ ಅಂತ. ಮೊದಲನೆಯದು ಕಷ್ಟ, ಗ್ಲೌಸ್ ಬೇಕಾದ್ರೆ ಬರಬಹುದು ಅಂತ ಮೇಸ್ತ್ರಿ ನಗ್ತಾರೆ. ಸ್ಟೋರಿನವರನ್ನ ನೋಡಿದರೆ ನನಗೆ ಅದೂ ಅನುಮಾನ.