ಘಟ್ಟದ ಮೇಲಿನ ನಾಯಿ

ಬೆಳಗ್ಗೆ ಬಾಲ್ಕನೀಲಿ ನಮ್ಮ ನಾಯಿ ಕರಿಯನಿಗೆ ಸ್ನಾನ ಮಾಡಿಸ್ತಿದ್ದೆ. ಬೆರಳ ಸಂದಿಯಿಂದ ಇನ್ನೂ ಮರಳು ಬರ್ತಿದೆ ಮಾರಾಯ್ರೆ! ಮಂಗಳೂರಿಂದ ಬಂದು ಎಷ್ಟು ದಿನ ಆಯ್ತು.

ಜಯನಗರದಲ್ಲಿ ಬಿಎಂಟಿಸಿ ಬಸ್ಸಿಗೂ ದಾರಿ ಬಿಡದ ಗಂಡು ಇವನು. ಪಣಂಬೂರು ಬೀಚಲ್ಲಿ ನೊರೆ ಕಾಲಿಗೆ ತಾಗಿದ್ದೇ ತಡ, ಎಗರಿಬಿದ್ದ. ಅಲೆ ಹಿಂದೆ ಹೋದ್ರೆ ಬೊಗಳ್ತಾ ಅಟ್ಟಿಸ್ಕೊಂಡು ಹೋಗೋದು, ತಿರುಗಿ ಬಂದ್ರೆ ನನ್ನ ಕಾಲ ಹಿಂದೆ. ಥೇಟ್ ನಮ್ಮ ಅಪಾರ್ಟ್‌ಮೆಂಟ್ ಮೀಟಿಂಗು.

ಅಲ್ಲಿನ ಬೀದಿನಾಯಿಗಳು ಮರಳಲ್ಲಿ ಗುಂಡಿ ತೋಡ್ಕೊಂಡು ಆರಾಮಾಗಿ ಮಲಗಿದ್ವು. 'ಘಟ್ಟದ ಮೇಲಿನವ' ಅಂತ ಅಂದ್ಕೊಂಡಿರ್ಬೇಕು.

ನಂಗೆ ಬಾಟಲಿ, ಬಟ್ಟಲು ಹಿಡ್ಕೊಂಡು ಓಡೋದೇ ಕೆಲಸ. ಸಮುದ್ರದ ನೀರು ಕುಡಿದ್ರೆ ವಾಂತಿ, ಭೇದಿ ಗ್ಯಾರಂಟಿ.

ಆದ್ರೆ ಒಂದು ಹೇಳ್ಲಾ? ನಾನು ಬೀಚಿಗೆ ಹೋದ ತಕ್ಷಣ ಫೋನ್ ತೆಗೆದೆ. ಇವನು ಮೂಸಿದ. ಹರಿದ ಬಲೆ, ಸತ್ತ ಏಡಿ, ಯಾರೋ ಬಿಸಾಕಿದ ಚುರುಮುರಿ ಪೊಟ್ಟಣ, ಒಂದೊಂದರ ಹತ್ರಾನೂ ನಿಂತು, ಕಣ್ಣು ಅರ್ಧ ಮುಚ್ಚಿ. ಮಂಗಳೂರು ನನಗಿಂತ ಅವನಿಗೇ ಜಾಸ್ತಿ ಗೊತ್ತು ಈಗ.

ರೈಲಲ್ಲಾದ್ರೆ ನಾಯಿಗೆ ಫಸ್ಟ್ ಎಸಿಲಿ ಇಡೀ ಕೂಪೆನೋ ಕ್ಯಾಬಿನ್ನೋ ಬೇಕು, ಇಲ್ಲಾಂದ್ರೆ ಲಗೇಜ್ ಹಾಕೋ ಬ್ರೇಕ್ ವ್ಯಾನು. ಹಾಗಾಗಿ ಮುಂದಿನ ಸಲಾನೂ ಕಾರಲ್ಲೇ ಶಿರಾಡಿ ಘಾಟಿ ಇಳಿಯೋದು. ಮಲ್ಪೆ ಕಡೆ ನಾಯಿ ಸೇರಿಸೋ ರೂಮ್ ಗೊತ್ತಿದ್ರೆ ಹೇಳ್ರಪ್ಪಾ.