ಸೇಫಾದರೆ ಮಜಾ ಎಂಥದ್ದು?

ನಾನು ಒಂಟಿ ಸೀಟಿನ ಗೈರೊಕಾಪ್ಟರುಗಳ, ಅಂದರೆ ತಲೆಯ ಮೇಲೆ ತಿರುಗುವ ರೆಕ್ಕೆಯಿರುವ ಪುಟ್ಟ ಹಾರುವ ಯಂತ್ರಗಳ, ವಿನ್ಯಾಸ ಮಾಡುತ್ತೇನೆಂದು ತಿಳಿದ ಕೂಡಲೇ ಜನ ಕೇಳುವುದು ಒಂದೇ ಪ್ರಶ್ನೆ: ಅಷ್ಟೊಂದು ಸುರಕ್ಷತೆ ತುಂಬಿದರೆ ರೋಮಾಂಚನ ಉಳಿಯುತ್ತದೆಯೇ? ಉಡುಪಿಯ ಮದುವೆಯೊಂದರ ಪಂಕ್ತಿಯಲ್ಲಿ, ಸಾರು ಎಲೆಯಿಂದಾಚೆ ಹರಿಯದಂತೆ ಅನ್ನದ ಕಟ್ಟೆ ಕಟ್ಟುತ್ತಿದ್ದ ಸೋದರಮಾವ ಇದನ್ನೇ "ಸೇಫಾದರೆ ಮಜಾ ಎಂಥದ್ದು ಮಾರಾಯ?" ಎಂದು ಕೇಳಿದರು. ಅವರು ಮಂಗಳೂರಿನಿಂದ ಎಕ್ಸ್‌ಪ್ರೆಸ್ ಬಸ್ಸಿನ ಎದುರು ಸೀಟಿನಲ್ಲಿ ಕುಳಿತು ಬಂದವರು. ಅವರ ಧೈರ್ಯದ ಬಗ್ಗೆ ನನಗೆ ಸಂಶಯವಿಲ್ಲ. ಸಂಶಯವಿರುವುದು ಅಪಾಯವನ್ನೇ ಮಜಾ ಎಂದುಕೊಂಡಿರುವ ಆ ಪ್ರಶ್ನೆಯ ಬಗ್ಗೆ.

ಈ ಯಂತ್ರ ಹುಟ್ಟಿದ್ದೇ ಬೀಳುವ ಭಯದಿಂದ. ಸ್ಪೇನಿನ ಹುವಾನ್ ದೆ ಲಾ ಸಿಯೆರ್ವಾ ಅವರು ಕಟ್ಟಿದ ವಿಮಾನವೊಂದು 1919ರಲ್ಲಿ ವೇಗ ಕುಂದಿ ನೆಲಕ್ಕೆ ಬಿದ್ದ ಮೇಲೆ, ನಿಧಾನವಾದರೂ ಬೀಳದ ಯಂತ್ರವನ್ನು ಅವರು ಹುಡುಕತೊಡಗಿದರು. ಗೈರೊಕಾಪ್ಟರಿನ ಪೂರ್ವಜನಾದ ಅವರ ಆಟೊಜೈರೊ 1923ರಲ್ಲಿ ಹಾರಿತು. (1936ರಲ್ಲಿ ಅವರು ತೀರಿಕೊಂಡದ್ದು ಲಂಡನ್ ಬಳಿಯ ಕ್ರಾಯ್ಡನ್ನಿನಲ್ಲಿ, ಸಾಧಾರಣ ಪ್ರಯಾಣಿಕ ವಿಮಾನದ ಅಪಘಾತದಲ್ಲಿ. ಊಟದ ಹೊತ್ತಿನಲ್ಲಿ ಮಾವನಿಗೆ ಅದನ್ನು ಹೇಳಲಿಲ್ಲ.) ಹಾರುವಾಗ ಇದರ ರೋಟರನ್ನು, ಅಂದರೆ ತಲೆಯ ಮೇಲಿನ ರೆಕ್ಕೆಯನ್ನು, ತಿರುಗಿಸುವುದು ಎಂಜಿನ್ ಅಲ್ಲ, ಕೆಳಗಿನಿಂದ ಹಾಯುವ ಗಾಳಿ. ಆದ್ದರಿಂದ ಎಂಜಿನ್ ನಿಂತರೂ ಅದು ಮಹಾಗನಿಯ ಬೀಜದಂತೆ ತಿರುಗುತ್ತಲೇ ಇಳಿಯುತ್ತದೆ.

ಹಾಗಾದರೆ ಕೊಲ್ಲುವುದು ಯಾವುದು? ಕೇಳಬೇಕಾದದ್ದು ಇದು, ಯಾರೂ ಕೇಳುವುದಿಲ್ಲ. ವೇಗದಲ್ಲಿರುವಾಗ ಗಾಬರಿಯಿಂದ ಹಿಡಿಕೋಲನ್ನು ಮುಂದಕ್ಕೆ ತಳ್ಳಿದರೆ ರೋಟರಿನ ಮೇಲಿನ ಭಾರ ಇಳಿಯುತ್ತದೆ. ಎಂಜಿನ್ ತಿರುಗಿಸುವ ಪ್ರೊಪೆಲ್ಲರ್ ನೂಕುವ ರೇಖೆ ಗುರುತ್ವಕೇಂದ್ರಕ್ಕಿಂತ ಮೇಲಿದ್ದರೆ, ಅದನ್ನು ಸರಿದೂಗಿಸುತ್ತಿದ್ದ ರೋಟರಿನ ಹಿಂದೆಳೆತವೂ ಇಲ್ಲವಾಗಿ, ಯಂತ್ರ ಮೂಗು ಕೆಳಗಾಗಿ ಪಲ್ಟಿಯಾಗುತ್ತದೆ. ರೋಟರ್ ವೇಗ ಕಳೆದುಕೊಂಡ ಮೇಲೆ ಎಷ್ಟೇ ಪಳಗಿದ ಕೈಯಾದರೂ ಅದನ್ನು ಉಳಿಸಲಾರದು. ಆ ರೇಖೆಗೂ ಗುರುತ್ವಕೇಂದ್ರಕ್ಕೂ ನಡುವಿನ ಕೆಲವು ಇಂಚುಗಳ ಅಂತರ ಸೀಟಿನಲ್ಲಿ ಕುಳಿತವನ ಅರಿವಿಗೇ ಬರುವುದಿಲ್ಲ. ಅದರಲ್ಲಿ ಯಾವ ಮಜವೂ ಇಲ್ಲ. ಸೀಟನ್ನು ಎತ್ತರಿಸಿ ಗುರುತ್ವಕೇಂದ್ರವನ್ನು ಆ ರೇಖೆಯ ಸಮೀಪಕ್ಕೆ ತಂದರೆ ಅಪಾಯ ತಗ್ಗುತ್ತದೆ, ಜೊತೆಗೆ ಕೆಳಗಿನ ಕಡಲೂ ತೆಂಗಿನ ತೋಟಗಳೂ ಇನ್ನಷ್ಟು ಚೆನ್ನಾಗಿ ಕಾಣುತ್ತವೆ. ಎತ್ತರದ ಯಂತ್ರ ನೆಲದ ಮೇಲೆ ಬೇಗ ಮಗುಚುತ್ತದೆ, ಹಾಗಾಗಿ ಚಕ್ರಗಳನ್ನು ಅಗಲವಾಗಿಡಬೇಕು, ತೂಕ ಏರುತ್ತದೆ. ಅದು ನನ್ನ ತಲೆನೋವು, ಹಾರುವವನದ್ದಲ್ಲ. ಮೂಗು ಥಟ್ಟನೆ ಏರಿಳಿಯದಿರಲೆಂದು ಬಾಲಕ್ಕೆ ದೊಡ್ಡ ಅಡ್ಡರೆಕ್ಕೆ ಕೂಡಿಸಿದಾಗ ಮಾತ್ರ ಹಿಡಿಕೋಲಿನ ಚುರುಕು ತುಸು ಕಡಿಮೆಯಾಗುತ್ತದೆ. ಮಾವನ ಪ್ರಶ್ನೆಗೆ ಅಷ್ಟು ಜಾಗ ಬಿಟ್ಟುಕೊಡುತ್ತೇನೆ.

ನನ್ನ ವಿವರಣೆ ಮುಗಿಯುವಷ್ಟರಲ್ಲಿ ಅವರು ಪಾಯಸಕ್ಕೆ ಬಂದಿದ್ದರು. "ಒಮ್ಮೆ ನನ್ನನ್ನೂ ಕರೆದುಕೊಂಡು ಹೋಗು" ಎಂದರು. ಸೀಟು ಒಂದೇ ಇದೆ ಮಾವ, ಎಂದೆ.