ಅಮ್ಮ ಹೇಳಿದ್ದು, ನಾನು ಹೇಳದೆ ಬಿಟ್ಟದ್ದು

ಲ್ಯಾಪ್‌ಟಾಪ್ ಬ್ಯಾಗು ಮುಂಬಯಿಯ ಲೋಕಲ್ ಟ್ರೇನಿನಲ್ಲೇ ಉಳಿಯಿತು. ನಾನು ಘಾಟ್ಕೋಪರಿನಲ್ಲಿ ಇಳಿದು, ಸೇತುವೆ ಹತ್ತಿ, ಮೆಟ್ರೋ ಹಿಡಿದು, ಅಂಧೇರಿಯ ಆಫೀಸಿನ ಲಿಫ್ಟ್ ಒಳಗೆ ನಿಂತಾಗ ಹೆಗಲು ಯಾಕೋ ಹಗುರ ಅನ್ನಿಸಿತು. ಅಷ್ಟರಲ್ಲಿ ಬ್ಯಾಗು ಕೊನೆಯ ನಿಲ್ದಾಣ ಸಿಎಸ್‌ಎಂಟಿ ತಲುಪಿರಬೇಕು. ಇದು ಎರಡನೆಯದು. ಮೊದಲನೆಯದು ಡೊಂಬಿವಲಿಯ ಶೇರ್ ರಿಕ್ಷಾದಲ್ಲಿ ಹೋಗಿತ್ತು.

ಆಫೀಸಿನಿಂದ ಮೆಮೋ ಬಂತು. ಸಂಬಳದಲ್ಲಿ ಕಂತು ಹಿಡಿದರು. ಅದಕ್ಕೆಲ್ಲ ನಾನು ತಯಾರಾಗಿದ್ದೆ. ಆದರೆ ಆ ರಾತ್ರಿ ಹೆಂಡತಿ ಬೈಯಲೇ ಇಲ್ಲ. ಸುಮ್ನೆ ಅನ್ನ ಬಡಿಸಿದಳು. ಹದಿಮೂರು ವರ್ಷದಲ್ಲಿ ಹಾಗಾದದ್ದು ಅದೇ ಮೊದಲು, ನನಗೆ ಹೆದರಿಕೆಯಾಯಿತು. ಮಾರನೇ ದಿನ ಥಾಣೆಯ ಒಬ್ಬ ಮನೋವೈದ್ಯೆಯ ಅಪಾಯಿಂಟ್‌ಮೆಂಟ್ ಅವಳೇ ತೆಗೆದುಕೊಂಡಳು. ನನಗೆ ಬಿಟ್ಟರೆ ತೆಗೆದುಕೊಳ್ಳುವುದನ್ನೂ ಮರೆಯುತ್ತೇನೆ ಅಂತ ಅವಳಿಗೆ ಗೊತ್ತು.

ತಲೆಗೆ ವೈರು ಸಿಕ್ಕಿಸಿ ಏನೋ ಫೋಟೋ ತೆಗೆಯುತ್ತಾರೆ ಅಂದುಕೊಂಡಿದ್ದೆ. ಡಾಕ್ಟರಿಗೆ ಅನುಮಾನ ಎಡಿಎಚ್‌ಡಿ, ಅಂದರೆ ಗಮನ ನಿಲ್ಲದ, ಚಡಪಡಿಕೆಯ ತೊಂದರೆ. ಅದಕ್ಕೆ ಅಂಥ ಪರೀಕ್ಷೆ ಇಲ್ಲವಂತೆ. ರಕ್ತದಲ್ಲೂ ಗೊತ್ತಾಗುವುದಿಲ್ಲ. ಥೈರಾಯ್ಡ್ ನೋಡಿಸಿದರು ನಿಜ, ಅದು ಬೇರೆ ಕಾಯಿಲೆ ಇದೇ ವೇಷ ಹಾಕಿಕೊಂಡು ಬಂದಿಲ್ಲ ತಾನೇ ಅಂತ ನೋಡಲು. ನಿದ್ದೆ ಹೇಗಿದೆ, ಬೇಸರ ಜಾಸ್ತಿಯಾ, ಕುಡಿತ ಇದೆಯಾ ಅಂತ ಕೇಳಿದ್ದೂ ಅದಕ್ಕೇ. ಆಮೇಲೆ ವಿಶ್ವ ಆರೋಗ್ಯ ಸಂಸ್ಥೆಯ ಒಂದು ಫಾರ್ಮು. 18 ಪ್ರಶ್ನೆ. ಪ್ರತಿಯೊಂದಕ್ಕೂ 'ಎಂದೂ ಇಲ್ಲ'ದಿಂದ 'ತುಂಬಾ ಸಲ'ದವರೆಗೆ ಐದು ಖಾನೆ. ಮೊದಲನೇ ಪ್ರಶ್ನೆಯೇ, ಕೆಲಸದ ಕಷ್ಟದ ಭಾಗ ಮುಗಿದ ಮೇಲೆ ಕೊನೆಯ ಚಿಲ್ಲರೆ ಕೆಲಸ ಮುಗಿಸುವುದು ಕಷ್ಟವಾಗುತ್ತದೆಯೇ ಅಂತ. ನಮ್ಮ ಅಡುಗೆಮನೆಯ ಶೆಲ್ಫು ನೆನಪಾಯಿತು. ಒಂದೇ ಭಾನುವಾರದಲ್ಲಿ ನಾನೇ ಕೂಡಿಸಿದ್ದು. ಎರಡು ಸ್ಕ್ರೂ ಬಾಕಿ. ಎರಡು ವರ್ಷದಿಂದ ಅವು ಅದೇ ಶೆಲ್ಫಿನ ಮೇಲೆ ಒಂದು ಬಟ್ಟಲಲ್ಲಿವೆ.

"ಸಣ್ಣವರಿದ್ದಾಗ ನಿಮ್ಮನ್ನು ನೋಡಿದವರು ಯಾರಾದರೂ ಬೇಕು" ಅಂದರು ಡಾಕ್ಟರು. 12 ವರ್ಷ ತುಂಬುವ ಮೊದಲೇ ಕೆಲವು ಲಕ್ಷಣ ಇದ್ದಿರಬೇಕಂತೆ. ನಲವತ್ತರ ಹತ್ತಿರ ಬಂದು ದಿಢೀರನೆ ಶುರುವಾದರೆ ಅದು ಇನ್ನೇನೋ. ಹಳೇ ಪ್ರಗತಿ ಪತ್ರ ಇದೆಯಾ ಅಂತ ಊರಿಗೆ ಫೋನ್ ಮಾಡಿದೆ. ಗೆದ್ದಲು ತಿಂದಿತ್ತು. ಹಾಗಾಗಿ ಅಮ್ಮನೇ ಬಂದರು. ಕುಂದಾಪುರದಿಂದ ಮತ್ಸ್ಯಗಂಧ ರೈಲಿನಲ್ಲಿ, ಹಲಸಿನ ಹಪ್ಪಳದ ಕಟ್ಟು ಹಿಡಿದುಕೊಂಡು, ಮಗನಿಗೆ ಯಾವುದೋ ದೊಡ್ಡ ಕಾಯಿಲೆ ಅಂತ ದಾರಿಯುದ್ದಕ್ಕೂ ಅತ್ತು.

ಈಗ ಸಮಸ್ಯೆ ನೋಡಿ. ಅಮ್ಮನಿಗೆ ಕನ್ನಡ ಬಿಟ್ಟು ಬೇರೆ ಬಾರದು. ಡಾಕ್ಟರಿಗೆ ಮರಾಠಿ, ಹಿಂದಿ, ಇಂಗ್ಲಿಷು. ಹೆಂಡತಿಗೆ ಅವತ್ತು ರಜೆ ಸಿಗಲಿಲ್ಲ. ಹಾಗಾಗಿ ನನ್ನ ಬಾಲ್ಯದ ಬಗ್ಗೆ ಅಮ್ಮ ಹೇಳುವ ಸಾಕ್ಷಿಯನ್ನು ಹಿಂದಿಗೆ ಹಾಕಬೇಕಾದವನು ನಾನೇ. ಕೋರ್ಟಿನಲ್ಲಾದರೆ ಒಪ್ಪುತ್ತಿದ್ದರಾ?

ಶುರುವಿಗೇ ಅಮ್ಮ ವಕೀಲರಾದರು. ಡಾಕ್ಟರು ಏನು ಕೇಳಿದರೂ, "ಎಂತದೂ ಇಲ್ಲ. ಅವ ಭಾರೀ ಚುರುಕು. ಲೆಕ್ಕದಲ್ಲಿ ಫಸ್ಟು." ನಾನು ಅದನ್ನೇ ಹೇಳಿದೆ, ನನ್ನ ಹೊಗಳಿಕೆಯನ್ನು ನಾನೇ, ತಲೆ ತಗ್ಗಿಸಿಕೊಂಡು. ಡಾಕ್ಟರು ನಕ್ಕರು. "ಆಯೀ, ಚುರುಕಿದ್ದರೂ ಇದು ಇರಬಹುದು" ಅಂದರು. ಆಮೇಲೆ ದಾರಿ ಬದಲಿಸಿದರು. ವಸ್ತು ಕಳೆಯುತ್ತಿದ್ದನಾ?

"ಎಲ್ಲ ಮಕ್ಕಳೂ ಕಳೀತಾವೆ."

ಒಂದು ಮಳೆಗಾಲಕ್ಕೆ ಎಷ್ಟು ಕೊಡೆ?

ಅಮ್ಮ ಸ್ವಲ್ಪ ತಡೆದರು. "ಇವನಿಗೆ ಕೊಡೆ ಕೊಡಿಸುವುದೇ ಬಿಟ್ಟಿದ್ದೆ. ಎರಡನೇ ಕ್ಲಾಸಿನಲ್ಲೇ. ಪ್ಲಾಸ್ಟಿಕ್ ಕೊಪ್ಪೆ ಹಾಕಿ ಕಳಿಸ್ತಿದ್ದೆ, ಕುತ್ತಿಗೆಗೆ ದಾರ ಕಟ್ಟಿ. ಕಟ್ಟಿದ್ರೆ ಎಲ್ಲಿ ಬಿಡ್ತಾನೆ?"

ಕೊಪ್ಪೆಗೆ ಹಿಂದಿಯಲ್ಲಿ ಏನನ್ನುತ್ತಾರೋ ನನಗೆ ಹೊಳೆಯಲಿಲ್ಲ. ಕೈಯಲ್ಲಿ ತಲೆಯಿಂದ ಮೊಣಕಾಲಿನವರೆಗೆ ತೋರಿಸಿದೆ. ಗೊಬ್ಬರದ ಚೀಲದ ಒಳಗಿನ ಪ್ಲಾಸ್ಟಿಕ್ಕಿನ ಒಂದು ಮೂಲೆಯನ್ನು ಇನ್ನೊಂದರೊಳಗೆ ತೂರಿಸಿ ಅಮ್ಮ ಅದನ್ನು ಮಾಡುತ್ತಿದ್ದರು. ಅದರೊಳಗೆ ಮಳೆಯ ಸದ್ದು ಬಿಟ್ಟು ಬೇರೇನೂ ಕೇಳುತ್ತಿರಲಿಲ್ಲ. ಉಳಿದವರೆಲ್ಲ ಕೊಡೆ ಹಿಡಿದು ಹೋಗುವಾಗ ನಾನೊಬ್ಬನೇ ಯಾಕೆ ಕೊಪ್ಪೆ ಅಂತ ನಾನು ಎಂದೂ ಕೇಳಿರಲಿಲ್ಲ. ಬಡತನ ಅಂದುಕೊಂಡಿದ್ದೆ.

ಡಾಕ್ಟರು ಪೆನ್ನು ತೆಗೆದರು. ಅಲ್ಲಿಂದ ಅಮ್ಮನ ಬಾಯಿ ಬಿಚ್ಚಿತು. ಬಳಪಕ್ಕೂ ದಾರ ಕಟ್ಟಿದ್ದು. ಓದಲು ಕೂರಿಸಿ ಒಲೆ ಬುಡದಿಂದ ಕೂಗಿ ಕೂಗಿ ಕೇಳುತ್ತಿದ್ದದ್ದು, ಸದ್ದು ನಿಂತರೆ ಹುಡುಗ ಕಿಟಕಿಯಲ್ಲಿ ಅಂತ ಅರ್ಥ. ಅಂಗಡಿಗೆ ಕಳಿಸಿದರೆ ಚೀಟಿ, ಚೀಟಿ ಕಳೆದರೆ ಅಂಗಡಿಯವರಿಗೇ ಫೋನು. ನಾನು ಹಿಂದಿಯಲ್ಲಿ ಓಡುತ್ತಿದ್ದೆ, ಅಮ್ಮ ಮುಂದೆ ಹೋಗಿಬಿಟ್ಟಿದ್ದರು. ಡಾಕ್ಟರು ನನ್ನ ಕಡೆ ತಿರುಗಿ, "ಇಷ್ಟು ಆಸರೆ ಕೊಟ್ಟರೆ ಶಾಲೆಯಲ್ಲಿ ಗೊತ್ತಾಗುವುದಿಲ್ಲ. ಆಸರೆ ತೆಗೆದಾಗ ಗೊತ್ತಾಗುತ್ತದೆ" ಅಂದರು. ಇದನ್ನು ಅಮ್ಮನಿಗೆ ಹೇಳಿದೆ. ಅವರಿಗೆ ಹೊಗಳಿಕೆಯೋ ಬೈಗುಳವೋ ಗೊತ್ತಾಗಲಿಲ್ಲ. ನನಗೂ.

ಮನೆಯಲ್ಲಿ ಬೇರೆ ಯಾರಾದರೂ ಹೀಗೆ? ಇದು ವಂಶದಲ್ಲಿ ಬರುವುದು ಜಾಸ್ತಿಯಂತೆ.

"ಇವನ ಅಪ್ಪಯ್ಯ" ಅಂದರು ಅಮ್ಮ, ಒಂದು ಕ್ಷಣವೂ ತಡೆಯದೆ. "ಇದೇ ಮುಂಬಯಿಯಲ್ಲಿ ಎಷ್ಟು ಹೋಟೆಲು ಬದಲಾಯಿಸಿದ್ರು, ಲೆಕ್ಕ ಇಲ್ಲ. ಒಂದು ಸಲ ಊರಿಗೆ ಬರುವಾಗ ಟ್ರಂಕನ್ನು ಬಸ್ಸಲ್ಲೇ ಬಿಟ್ಟು ಬಂದ್ರು. ಅವರಿಗೆ ಯಾರು ಪರೀಕ್ಷೆ ಮಾಡಿದ್ರು?"

ಅಪ್ಪಯ್ಯ ಹೋಗಿ ಒಂಬತ್ತು ವರ್ಷ. ಟ್ರಂಕಿನ ಕತೆ ನಮ್ಮ ಮನೆಯಲ್ಲಿ ಜೋಕು. ಅವತ್ತು ಹಿಂದಿಯಲ್ಲಿ ಹೇಳುವಾಗ ಅದು ಜೋಕಿನ ಹಾಗೆ ಬರಲಿಲ್ಲ.

ಆಮೇಲೆ ಅಮ್ಮ ದನಿ ತಗ್ಗಿಸಿದರು. ಡಾಕ್ಟರಿಗೆ ಕನ್ನಡ ಬಾರದಿದ್ದರೂ ತಗ್ಗಿಸಿದರು. "ನಾನು ಹೊಡೆದದ್ದು ಜಾಸ್ತಿ ಆಯ್ತು. ಹುಣಸೆ ಅಡರು ಮುರಿಯುವಷ್ಟು. ಬೇಕಂತಲೇ ಮಾಡ್ತಾನೆ ಅಂದ್ಕೊಂಡಿದ್ದೆ. ಇದನ್ನ ಹೇಳ್ಬೇಡ, ಆಯ್ತಾ?"

"ಕ್ಯಾ ಬೋಲಿ ಆಯಿ?" ಅಂತ ಡಾಕ್ಟರು.

"ಚಹಾ ಸಿಗುತ್ತಾ ಅಂತ ಕೇಳಿದರು" ಅಂದೆ.

ಡಾಕ್ಟರು ನಂಬಲಿಲ್ಲ ಅಂತ ಕಾಣುತ್ತದೆ. ಬರೆಯುವುದು ನಿಲ್ಲಿಸಿ ಅಮ್ಮನನ್ನೇ ನೋಡಿದರು. ಆದರೆ ಚಹಾ ತರಿಸಿದರು. ಅಮ್ಮ ಏನೂ ಅರ್ಥವಾಗದೆ ಕುಡಿದರು.

ಉಳಿದದ್ದು ಬೇಗ ಮುಗಿಯಿತು. ಗಮನ ಕೊರತೆಗೆ 9 ಲಕ್ಷಣ, ಚಡಪಡಿಕೆಗೆ 9. ಮಕ್ಕಳಿಗಾದರೆ ಒಂದು ಗುಂಪಿನಲ್ಲಿ 6 ಬೇಕು, ದೊಡ್ಡವರಿಗೆ 5 ಸಾಕು. ಮೊದಲನೇ ಗುಂಪಿನಲ್ಲಿ ನನಗೆ 8. ಹತ್ತನೇ ಕ್ಲಾಸಲ್ಲೂ ಅಷ್ಟು ಒಳ್ಳೆ ಅಂಕ ಬಂದಿರಲಿಲ್ಲ. ಇಸಿಜಿ, ಬಿಪಿ ನೋಡಿ ಮಿಥೈಲ್‌ಫೆನಿಡೇಟ್ ಬರೆದುಕೊಟ್ಟರು, ಸಣ್ಣ ಪ್ರಮಾಣದಲ್ಲಿ. ಅದು ಶೆಡ್ಯೂಲ್ ಎಕ್ಸ್, ಅಂದರೆ ಮಾರಾಟಕ್ಕೆ ಬಿಗಿ ನಿಯಮ ಇರುವ ಔಷಧ. ಚೀಟಿ ಎರಡು ಪ್ರತಿ ಬೇಕು, ಒಂದನ್ನು ಅಂಗಡಿಯವರೇ ಇಟ್ಟುಕೊಳ್ಳುತ್ತಾರೆ. ಡೊಂಬಿವಲಿಯಲ್ಲಿ ನಾಲ್ಕು ಮೆಡಿಕಲ್ ಸುತ್ತಿದೆ. ಒಬ್ಬ ನನ್ನನ್ನು ಮೇಲಿಂದ ಕೆಳಗೆ ನೋಡಿ ಇಲ್ಲ ಅಂದ. ಕೊನೆಗೆ ಸಿಕ್ಕಿದ್ದು ಥಾಣೆಯಲ್ಲೇ. ವಸ್ತು ಕಳೆಯುವವನಿಗೆ ಎರಡೆರಡು ಪ್ರತಿ ಜೋಪಾನ ಮಾಡುವ ಔಷಧ, ಇದನ್ನು ಯಾರು ಯೋಚಿಸಿದರೋ.

ಮುಂದಿನ ವಾರ ಅಮ್ಮನನ್ನು ಕುರ್ಲಾ ಟರ್ಮಿನಸ್ಸಿಗೆ ಬಿಡಲು ಹೋದೆ. ಮಧ್ಯಾಹ್ನದ ಸೆಖೆ. ಸೀಟು ಹುಡುಕಿ, ಚೀಲ ಕೆಳಗೆ ತಳ್ಳಿ, ನೀರಿನ ಬಾಟಲಿ ಕೊಟ್ಟು, ಇಳಿದು ಕಿಟಕಿ ಹತ್ತಿರ ನಿಂತೆ. ಅಮ್ಮ ಸರಳಿನ ಮೇಲೆ ಕೈ ಇಟ್ಟುಕೊಂಡು ಕೇಳಿದರು, "ಆ ಡಾಕ್ಟರಿಗೆ ಹೇಳಿದ್ಯಾ? ನಾನು ಹೊಡೆದದ್ದು?"

"ಇಲ್ಲ. ಬೇಡ ಅಂದಿದ್ಯಲ್ಲ."

ಪಕ್ಕದ ಪ್ಲಾಟ್‌ಫಾರ್ಮಿಗೆ ಯಾವುದೋ ಗಾಡಿ ಬಂದು ನಿಂತಿತು. ಸದ್ದು ಕಡಿಮೆಯಾಗುವವರೆಗೆ ಅಮ್ಮ ಕಾದರು.

"ಮುಂದಿನ ಸಲ ಹೋದಾಗ ಹೇಳು" ಅಂದರು. ಆಮೇಲೆ, "ಈಗಲೇ ಕೈ ಮೇಲೆ ಬರ್ಕೋ ಮಾರಾಯ. ಮರೀತಿ."